ಅಲ್ಲೂ ಬೈದರು, ಇಲ್ಲೂ ಬೈದರು

ನೀನು ಅಕ್ಕ ಅಂತ ಬರೆದಿದ್ದೀಯ, ಅದಕ್ಕೇ ನಾನೂ ಏಕವಚನದಲ್ಲೇ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ. ಹಾಸನದಿಂದ ಮೆಲ್ಬರ್ನ್‌ಗೆ ಬಂದು ಇನ್ನೂ ಸಾಮಾನು ಪೂರ್ತಿ ಬಿಚ್ಚಿಲ್ಲ ಅಂದೆ. ಮಗಳಿಗೆ ಎರಡು ವರ್ಷ ತುಂಬಿದೆ. ಚೈಲ್ಡ್‌ಕೇರ್‌ಗೆ ಸೇರಿಸಲು ಹೋದರೆ ಲಸಿಕೆಯ ಕಾಗದ ತನ್ನಿ ಅಂದರು. ಕಾಗದಕ್ಕೆ ಡಾಕ್ಟರ್ ಹತ್ತಿರ ಹೋದರೆ ಇನ್ನೂ ಕೆಲವು ಸೂಜಿ ಬಾಕಿ ಇದೆ ಅಂದರು. ಊರಿಗೆ ಫೋನ್ ಮಾಡಿ ಹೇಳಿದರೆ ನಿಮ್ಮ ಅಮ್ಮ, 'ಬೇಡ ಕಣೇ, ಇಲ್ಲಿ ಲಸಿಕೆ ಹಾಕಿಸ್ಕೊಂಡೋರೇ ಹಾರ್ಟ್ ಅಟ್ಯಾಕ್ ಆಗಿ ಹೋಗ್ತಿದ್ದಾರೆ' ಅಂದರು. ಇತ್ತ ನಿನ್ನ ಗಂಡನ ಆಫೀಸಿನಲ್ಲಿ ಇಲ್ಲಿಯವರೇ ಊಟದ ಹೊತ್ತಿಗೆ ಕೋವಿಡ್ ಕಾಲದ ಸರ್ಕಾರವನ್ನು ಬೈಯುತ್ತಾರಂತೆ. 'ಇಲ್ಲಿಯವರೇ ನಂಬದ ಸರ್ಕಾರದ ಮಾತನ್ನು ನಾವು ನಂಬೋದಾ ಅಕ್ಕ? ಇಲ್ಲಿ ಎಲ್ಲ ಸರಿ ಇರುತ್ತೆ ಅಂತ ಬಂದ್ವಿ' ಅಂತ ಕೇಳಿದ್ದೀಯ.

ಕೊನೆಯ ಮಾತಿಗೆ ಮೊದಲು ಬರುತ್ತೇನೆ. ಎಲ್ಲ ಸರಿ ಇರುವ ದೇಶ ಇದಲ್ಲ. ರಸ್ತೆ ಚೆನ್ನಾಗಿದೆ, ನಲ್ಲಿ ನೀರು ಹಾಗೇ ಕುಡಿಯಬಹುದು, ಆಫೀಸುಗಳಲ್ಲಿ ಯಾರೂ ಕೈ ಚಾಚುವುದಿಲ್ಲ. ಇಷ್ಟು ನೋಡಿ, ಇಲ್ಲಿಯ ಸರ್ಕಾರ ಎಲ್ಲದರಲ್ಲೂ ಇಷ್ಟೇ ಚುರುಕು ಅಂತ ಹೊಸಬರು ಅಂದುಕೊಂಡುಬಿಡುತ್ತಾರೆ. ನಿನ್ನ ಗಂಡನ ಆಫೀಸಿನವರ ಬೈಗುಳದಲ್ಲಿ ಹುರುಳಿದೆ. ಆದರೆ ಯಾವುದಕ್ಕೆ ಬೈಯುತ್ತಾರೆ ಅಂತ ಸ್ವಲ್ಪ ಕಿವಿಗೊಟ್ಟು ಕೇಳಿಸಿಕೋ. ಬಹುಪಾಲು ಮಂದಿಯ ಸಿಟ್ಟು ಲಸಿಕೆ ಕೊಟ್ಟ ರೀತಿಯ ಮೇಲೆ, ದಿನಕ್ಕೊಂದು ಮಾತು ಆಡಿದ್ದರ ಮೇಲೆ. ಊರಿನಲ್ಲಿ ಆ ಸಿಟ್ಟು, ಲಸಿಕೆಯ ಭಯ, ಎರಡೂ ಕಲಸಿಹೋಗಿವೆ.

ನಾನು ಇಲ್ಲಿ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತೇನೆ. ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸುವುದು, ಊಟ ತಿನ್ನಿಸುವುದು, ರಾತ್ರಿ ಪಾಳಿಯಲ್ಲಿ ಗಂಟೆ ಬಾರಿಸಿದರೆ ಓಡುವುದು. 2020ರಲ್ಲಿ ವಿಕ್ಟೋರಿಯ ರಾಜ್ಯದ ಇಂಥ ಮನೆಗಳಲ್ಲೇ 600ಕ್ಕೂ ಹೆಚ್ಚು ವೃದ್ಧರು ಕೋವಿಡ್‌ನಿಂದ ತೀರಿಕೊಂಡರು. ಹಾಗಾಗಿ ಲಸಿಕೆ ಬಂದಾಗ, ಮೊದಲ ಸಾಲಿನಲ್ಲಿ ಅವರು ಮತ್ತು ಅವರನ್ನು ನೋಡಿಕೊಳ್ಳುವ ನೀವು ಅಂತ ಸರ್ಕಾರ ಹೇಳಿತು. 2021ರ ಫೆಬ್ರವರಿ 21ರಂದು ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ ಟಿವಿ ಮುಂದೆ ತೋಳು ಕೊಟ್ಟು ಶುರು ಮಾಡಿದರು. ಮಾರ್ಚ್ ಮುಗಿಯುವುದರೊಳಗೆ 40 ಲಕ್ಷ ಡೋಸ್ ಅಂತ ಮಾತು. ಮಾರ್ಚ್ ಮುಗಿದಾಗ ಆಗಿದ್ದು ಅದರ ಕಾಲು ಭಾಗವೂ ಅಲ್ಲ. ಕೇಳಿದರೆ, ಇದು ಓಟದ ಪಂದ್ಯ ಅಲ್ಲ ಅಂತ ಪ್ರಧಾನಿಯಿಂದಲೇ ಉತ್ತರ ಬಂತು.

ನಮ್ಮಲ್ಲಿಗೆ ಲಸಿಕೆಯ ತಂಡ ಬಂದ ದಿನ ನಾವೆಲ್ಲ ಯೂನಿಫಾರ್ಮ್ ತೋಳು ಮಡಿಸಿಕೊಂಡು ಊಟದ ಹಾಲ್ ಬಾಗಿಲಲ್ಲಿ ನಿಂತಿದ್ದೆವು. ಕೇರಳದ ನರ್ಸ್, ನೇಪಾಳದ ಇಬ್ಬರು ಹುಡುಗಿಯರು, ಅಡುಗೆಮನೆಯ ಫಿಲಿಪೀನ್ಸ್ ಹುಡುಗ, ನಾನು. ಒಳಗೆ ಅಜ್ಜಿಯರನ್ನು ಗಾಲಿಕುರ್ಚಿಯಲ್ಲಿ ಸಾಲಾಗಿ ಕೂರಿಸಿ ಹಾಕುತ್ತಿದ್ದರು. ಉಳಿದರೆ ನಿಮಗೂ ಅಂದಿದ್ದರು. ಉಳಿಯಲಿಲ್ಲ. ಪೆಟ್ಟಿಗೆ ಮುಚ್ಚಿದರು, ನಿಮ್ಮ ನಿಮ್ಮ ಡಾಕ್ಟರ್ ಹತ್ತಿರ ಹೋಗಿ ಅಂದರು, ಹೊರಟರು. ಮಡಿಸಿದ ತೋಳು ಬಿಡಿಸಿಕೊಂಡು ಮತ್ತೆ ಕೆಲಸಕ್ಕೆ ಹೋದೆವು. ಡಾಕ್ಟರ್ ಹತ್ತಿರ ಫೋನ್ ಮಾಡಿದರೆ ಅವರಿಗೇ ವಾರಕ್ಕೆ ಎಷ್ಟು ಡೋಸ್ ಬರುತ್ತದೆ ಅಂತ ಗೊತ್ತಿರಲಿಲ್ಲ. ಅಲ್ಲಿಗೆ ಮುಗಿಯಲಿಲ್ಲ ಕಣಮ್ಮ. ಜೂನ್ 28ಕ್ಕೆ ಹೊಸ ಆದೇಶ: ವೃದ್ಧಾಶ್ರಮದ ಕೆಲಸಗಾರರೆಲ್ಲ ಸೆಪ್ಟೆಂಬರ್ ಮಧ್ಯದೊಳಗೆ ಒಂದು ಡೋಸಾದರೂ ಹಾಕಿಸಿಕೊಂಡಿರಬೇಕು, ಇಲ್ಲದಿದ್ದರೆ ಕೆಲಸಕ್ಕೆ ಬರುವಂತಿಲ್ಲ. ಕೊಡಿ ಅಂತ ಕೇಳಿದಾಗ ಇಲ್ಲ ಅಂದವರೇ, ಹಾಕಿಸಿಕೊಳ್ಳದಿದ್ದರೆ ಮನೆಗೆ ಹೋಗಿ ಅಂದರು! ಆವತ್ತು ಊಟದ ಹೊತ್ತಿಗೆ ಎಷ್ಟು ಭಾಷೆಯಲ್ಲಿ ಬೈಗುಳ ಕೇಳಿಸಿತೋ, ಲೆಕ್ಕ ಇಲ್ಲ.

ತಡವಾಗಿದ್ದಕ್ಕೆ ಕಾರಣಗಳಿದ್ದವು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ಒಂದು ಲಸಿಕೆ ಮಾಡುತ್ತಿತ್ತು. ಅದನ್ನು ಹಾಕಿಸಿಕೊಂಡವರಿಗೆ ಎಚ್‌ಐವಿ ಇಲ್ಲದಿದ್ದರೂ ಪರೀಕ್ಷೆಯಲ್ಲಿ ಇದೆ ಅಂತ ಬರುತ್ತಿತ್ತು. 2020ರ ಡಿಸೆಂಬರ್‌ನಲ್ಲಿ ಅದನ್ನು ಕೈಬಿಟ್ಟರು. ಫೈಜರ್‌ಗೆ ಮೊದಲು ಹೇಳಿದ್ದು ಬರೀ ಒಂದು ಕೋಟಿ ಡೋಸ್. ಯುರೋಪಿನಿಂದ ಬರಬೇಕಿದ್ದ ಎರಡೂವರೆ ಲಕ್ಷ ಆಸ್ಟ್ರಾಜೆನಿಕಾ ಡೋಸನ್ನು ಮಾರ್ಚ್‌ನಲ್ಲಿ ಇಟಲಿ ತಡೆಯಿತು. ಉಳಿದಿದ್ದು ಇಲ್ಲೇ ಮೆಲ್ಬರ್ನಿನ ಬ್ರಾಡ್‌ಮೆಡೋಸ್ ಕಾರ್ಖಾನೆಯಲ್ಲಿ ತಯಾರಾಗುವ ಆಸ್ಟ್ರಾಜೆನಿಕಾ. ಎಲ್ಲ ಭಾರ ಅದರ ಮೇಲೆ ಬಿತ್ತು. ಆ ಹೊತ್ತಿಗೇ ಅದರ ತೊಂದರೆಯೂ ಹೊರಗೆ ಬಂತು.

ಈ ಆಸ್ಟ್ರಾಜೆನಿಕಾ ಬೇರೆ ಯಾವುದೂ ಅಲ್ಲ, ನಮ್ಮ ಊರಿನಲ್ಲಿ ಹಾಕಿದ ಕೋವಿಶೀಲ್ಡೇ. ಪುಣೆಯ ಸೀರಂ ಸಂಸ್ಥೆ ತಯಾರಿಸಿದರೆ ಕೋವಿಶೀಲ್ಡ್, ಅಷ್ಟೇ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಒಂದೇ ಲಸಿಕೆಯ ಬಗ್ಗೆ ಒಂದೇ ತಿಂಗಳಲ್ಲಿ ಹಾಸನದಲ್ಲೊಂದು ಮಾತು, ಮೆಲ್ಬರ್ನಿನಲ್ಲೊಂದು ಮಾತು ನಾನು ಕೇಳಿದ್ದೇನೆ.

ಇಲ್ಲಿಯ ಮಾತು ಹೀಗಿತ್ತು. 2021ರ ಏಪ್ರಿಲ್ 8ರ ರಾತ್ರಿ ಪ್ರಧಾನಿ, ಆರೋಗ್ಯ ಅಧಿಕಾರಿಗಳು ಟಿವಿಯಲ್ಲಿ ಬಂದು, 50 ವರ್ಷದ ಒಳಗಿನವರಿಗೆ ಫೈಜರ್ ಒಳ್ಳೆಯದು ಅಂದರು. ಆಸ್ಟ್ರಾಜೆನಿಕಾದಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುತ್ತದೆ, ಕೆಲವರಲ್ಲಿ ಅದು ಜೀವಕ್ಕೆ ಅಪಾಯ ಅಂತ. ಜೂನ್ 17ಕ್ಕೆ 50 ಹೋಗಿ 60 ಆಯಿತು. ಜೂನ್ 28ರ ರಾತ್ರಿ ಪ್ರಧಾನಿ ಬಂದು, 60ರ ಒಳಗಿನವರೂ ಬೇಕಾದರೆ ಡಾಕ್ಟರ್ ಜೊತೆ ಮಾತಾಡಿ ಆಸ್ಟ್ರಾಜೆನಿಕಾ ಹಾಕಿಸಿಕೊಳ್ಳಿ ಅಂದರು. ಡಾಕ್ಟರುಗಳಿಗೇ ಈ ವಿಷಯ ಗೊತ್ತಾಗಿದ್ದು ಟಿವಿ ನೋಡಿ. ಎರಡು ದಿನ ಕಳೆಯಿತು, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮುಖ್ಯ ಆರೋಗ್ಯ ಅಧಿಕಾರಿ ಜೆನೆಟ್ ಯಂಗ್ ಎದ್ದು ನಿಂತು, 40ರ ಒಳಗಿನವರು ಇದನ್ನು ಹಾಕಿಸಿಕೊಳ್ಳುವುದು ನನಗೆ ಬೇಡ ಅಂದರು. ಜುಲೈ 24ಕ್ಕೆ ಲಸಿಕೆಯ ಸಲಹಾ ಸಮಿತಿಯವರು, ಸಿಡ್ನಿಯಲ್ಲಿ ಡೆಲ್ಟಾ ಹರಡಿತು ಅಂತ, ಅಲ್ಲಿಯ 18 ದಾಟಿದವರೆಲ್ಲ ಸಿಕ್ಕ ಲಸಿಕೆ ಯಾವುದಾದರೂ ಸರಿ, ಹಾಕಿಸಿಕೊಳ್ಳುವ ಬಗ್ಗೆ ಗಟ್ಟಿಯಾಗಿ ಯೋಚಿಸಿ ಅಂದರು. ನಾಲ್ಕು ತಿಂಗಳಲ್ಲಿ ಇಷ್ಟು ತಿರುವು. ಕ್ಲಿನಿಕ್ ಫ್ರಿಜ್ಜುಗಳಲ್ಲಿ ಆಸ್ಟ್ರಾಜೆನಿಕಾ ಹಾಗೇ ಕೂತಿತ್ತು, ಹೊರಗೆ ಜನ ಫೈಜರ್ ಬರಲಿ ಅಂತ ಕಾಯುತ್ತಿದ್ದರು, ಊರು ಮತ್ತೆ ಲಾಕ್‌ಡೌನ್. ಮೆಲ್ಬರ್ನ್ ಎಲ್ಲ ಸೇರಿ 262 ದಿನ ಬಾಗಿಲು ಹಾಕಿಕೊಂಡಿತ್ತು. ಬೈಯದೆ ಇನ್ನೇನು ಮಾಡುತ್ತಾರೆ ಹೇಳು.

ಅದೇ ಹೊತ್ತಿಗೆ ನಮ್ಮ ಅಪ್ಪ ಆಲೂರು ಕಡೆಯ ನಮ್ಮ ಹಳ್ಳಿಯಿಂದ ಬೆಳಗಿನ ಜಾವ ಎದ್ದು ಆರೋಗ್ಯ ಕೇಂದ್ರದ ಮುಂದೆ ಚಪ್ಪಲಿ ಬಿಟ್ಟು ಬರುತ್ತಿದ್ದರು. ಜನ ನಿಲ್ಲುವ ಬದಲು ಚಪ್ಪಲಿಗಳು ಸಾಲಾಗಿ ನಿಂತಿದ್ದವು. ರಬ್ಬರ್ ಚಪ್ಪಲಿ, ಹರಿದ ಶೂ, ಮಧ್ಯೆ ಒಂದು ಬಟ್ಟೆ ಚೀಲದ ಮೇಲೆ ಕಲ್ಲು. ಒಂದು ದಿನ ಸರದಿ ಬಂದೇ ಬಂತು. 'ಎರಡನೇದಕ್ಕೆ 84 ದಿನ ಆಗಬೇಕು, ನಿಮ್ದು ಆಗಿಲ್ಲ, ಹೋಗಿ' ಅಂತ ಕಳಿಸಿದರು. ಮೊದಲನೇದು ಹಾಕುವಾಗ ನಾಲ್ಕರಿಂದ ಆರು ವಾರ ಅಂದಿದ್ದರು. ಮಾರ್ಚ್ ಕೊನೆಗೆ ಆರರಿಂದ ಎಂಟು ಆಯಿತು. ಮೇ 13ಕ್ಕೆ ಹನ್ನೆರಡರಿಂದ ಹದಿನಾರು. ಲಸಿಕೆ ಇಲ್ಲ ಅಂತ ಹೇಳೋಕೆ ನಾಚಿಕೆ, ಅದಕ್ಕೇ ದಿನ ಜಾಸ್ತಿ ಮಾಡ್ತಾರೆ ಅಂತ ಅಪ್ಪನ ತೀರ್ಮಾನ. ಬ್ರಿಟನ್ನಿನ ಅನುಭವ ನೋಡಿ ಅಂತರ ಹೆಚ್ಚಿಸಿದ್ದೇವೆ, ಅಂತರ ಇದ್ದರೆ ಫಲ ಹೆಚ್ಚು ಅಂತ ಕೇಂದ್ರ ಸರ್ಕಾರ ಹೇಳಿತ್ತು. ಅದರಲ್ಲಿ ನಿಜಾಂಶವೂ ಇತ್ತು, ಇಲ್ಲೂ ಅದಕ್ಕೆ ಹನ್ನೆರಡು ವಾರದ ಅಂತರವೇ. ಆದರೆ ಕಡೂರಿನಿಂದ ಕೊಣನೂರಿನವರೆಗೆ ಲಸಿಕೆಯೇ ಸಿಗದೆ ಜನ ಅಲೆಯುತ್ತಿರುವಾಗ ಆ ಮಾತನ್ನು ಯಾರು ನಂಬುತ್ತಾರೆ? ಅಪ್ಪನಿಗೆ ಅದನ್ನು ಕೂತು ಹೇಳಿದವರೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ಆಶಾ ಕಾರ್ಯಕರ್ತೆಗೂ ಅದೇ ಬೆಳಿಗ್ಗೆ ಮೊಬೈಲಿಗೆ ಬಂದ ಒಂದು ಸಾಲಿನ ಸಂದೇಶ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಬೈಸಿಕೊಂಡಿದ್ದು ಮಾತ್ರ ಪಾಪ ಅವಳೇ.

ತಮ್ಮನದು ಇನ್ನೊಂದು ಕಥೆ. ಮೇ 1ರಿಂದ 18 ದಾಟಿದವರಿಗೆಲ್ಲ ಅಂತ ಘೋಷಣೆ ಆಯಿತು, ಕೋವಿನ್‌ನಲ್ಲಿ ಬುಕ್ ಮಾಡಿಯೇ ಹೋಗಬೇಕು. ಮೇ ಮಧ್ಯಕ್ಕೆ ಕರ್ನಾಟಕದಲ್ಲಿ ಆ ವಯಸ್ಸಿನವರಿಗೆ ಕೊಡುವುದನ್ನೇ ನಿಲ್ಲಿಸಿದರು, ಇದ್ದದ್ದು ಎರಡನೇ ಡೋಸಿನವರಿಗೆ ಬೇಕಾಗಿತ್ತು. ಆಮೇಲೆ ಮತ್ತೆ ಶುರುವಾದಾಗ ಸ್ಲಾಟ್ ಹುಡುಕುವುದು ಬೆಂಗಳೂರಿನಲ್ಲಿದ್ದ ಅಕ್ಕನ ಮಗಳು, ಒಟಿಪಿ ಬರುವುದು ಊರಿನಲ್ಲಿದ್ದ ತಮ್ಮನ ಫೋನಿಗೆ, ಸಿಗ್ನಲ್ ಸಿಗುವುದು ಮನೆ ಹಿಂದಿನ ದಿಣ್ಣೆ ಹತ್ತಿದರೆ. ಅವನು ದಿಣ್ಣೆ ಮೇಲೆ ನಿಂತು ನಂಬರ್ ಕೂಗುವಷ್ಟರಲ್ಲಿ ಸ್ಲಾಟ್ ಖಾಲಿ. ಹೋಗಿ ನೋಡಿದರೆ ನಮ್ಮ ಹಳ್ಳಿ ಕೇಂದ್ರದ ಮುಂದೆ ಬೆಂಗಳೂರಿನ ಕಾರುಗಳು. ಬೈದಾಡಿಕೊಂಡು ಬಂದ.

ಆಗ ಕರ್ನಾಟಕದಲ್ಲಿ ದಿನಕ್ಕೆ 50,000 ಹೊಸ ಕೇಸ್ ಬರುತ್ತಿದ್ದ ಕಾಲ. ಇಲ್ಲಿ ದಿನಕ್ಕೆ ಹತ್ತು ಕೇಸ್ ಬಂದರೆ ಊರು ಮುಚ್ಚುತ್ತಿದ್ದರು. ಈ ಎರಡು ಸಂಖ್ಯೆ ಇಟ್ಟುಕೊಂಡು ನೋಡು, ಅಲ್ಲಿ 'ಹಾಕಿಸಿಕೊಳ್ಳಿ' ಇಲ್ಲಿ 'ಬೇಡ' ಅಂದಿದ್ದು ಎರಡೂ ಅರ್ಥವಾಗುತ್ತದೆ. ಹೆಪ್ಪುಗಟ್ಟುವ ತೊಂದರೆ ಲಕ್ಷಕ್ಕೆ ಎರಡು ಮೂರು ಜನಕ್ಕೆ. ಮನೆ ಮನೆಯಲ್ಲಿ ಕೋವಿಡ್ ಇರುವ ಊರಿನಲ್ಲಿ, ಲಸಿಕೆ ಇಲ್ಲದೆ ಸಾಯುವವರ ಸಂಖ್ಯೆಯ ಮುಂದೆ ಅದು ಬಹಳ ಸಣ್ಣದು. ರೋಗವೇ ಇಲ್ಲದ ಊರಿನಲ್ಲಿ, ಅದೂ ಮೂವತ್ತರ ಹುಡುಗನಿಗೆ, ಆ ಎರಡು ಮೂರೇ ದೊಡ್ಡದಾಗಿ ಕಾಣುತ್ತದೆ. ಸಿಡ್ನಿಯಲ್ಲಿ ರೋಗ ಹರಡಿದ ಕೂಡಲೇ ಸಲಹೆ ಬದಲಾಗಿದ್ದೂ ಇದೇ ಲೆಕ್ಕದ ಮೇಲೆ.

ಈ ಲೆಕ್ಕವನ್ನು ನನಗೆ ತೋರಿಸಿದ್ದು ಯಾವ ಮಂತ್ರಿಯೂ ಅಲ್ಲ, ನಮ್ಮ ಬಡಾವಣೆಯ ಡಾಕ್ಟರಮ್ಮ. ನನಗಾಗ ಐವತ್ತು ತುಂಬಿರಲಿಲ್ಲ, ಕೆಲಸ ವೃದ್ಧರ ಮಧ್ಯೆ. ಆಕೆ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಲಸಿಕೆಯ ಸಲಹಾ ಸಮಿತಿಯವರೇ ಮಾಡಿದ ಹಾಳೆ. ರೋಗ ಕಡಿಮೆ ಇದ್ದರೆ, ಮಧ್ಯಮ ಇದ್ದರೆ, ಜಾಸ್ತಿ ಇದ್ದರೆ ಅಂತ ಬೇರೆ ಬೇರೆ ಚಿತ್ರ. ಒಂದೊಂದರಲ್ಲೂ ವಯಸ್ಸಿನ ಪ್ರಕಾರ ಪಟ್ಟಿ. ಒಂದು ಕಡೆ ಲಸಿಕೆಯಿಂದ ಎಷ್ಟು ಜನ ಐಸಿಯು ತಪ್ಪಿಸಿಕೊಳ್ಳುತ್ತಾರೆ, ಇನ್ನೊಂದು ಕಡೆ ಎಷ್ಟು ಜನಕ್ಕೆ ಹೆಪ್ಪುಗಟ್ಟಬಹುದು. ನಿಮ್ಮ ಸಾಲು ಇದು, ನಿಮ್ಮ ಊರಿನ ಪರಿಸ್ಥಿತಿ ಇವತ್ತು ಇದು, ತಿಂಗಳು ಬಿಟ್ಟು ಹೀಗಾಗಬಹುದು ಅಂತ ಬೆರಳಿಟ್ಟು ತೋರಿಸಿದರು. ಹಾಕಿಸಿಕೊಂಡ ಮೇಲೆ 4ರಿಂದ 42 ದಿನದ ಒಳಗೆ ಬಿಡದ ತಲೆನೋವು, ಹೊಟ್ಟೆನೋವು, ಉಸಿರು ಕಟ್ಟುವುದು, ಕಾಲು ಊದುವುದು ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಯಾವ ಲಸಿಕೆ ಅಂತ ಹೇಳಿ ಅಂದರು. ನಾನು ಆಸ್ಟ್ರಾಜೆನಿಕಾವನ್ನೇ ಹಾಕಿಸಿಕೊಂಡೆ. ಆ ಹಾಳೆಯನ್ನು ಒಂದು ಸಲ ಟಿವಿ ಮುಂದೆ ಹಿಡಿದು, ನೋಡಿ ಇದಕ್ಕೇ ಬದಲಾಯಿಸಿದ್ದು ಅಂತ ಯಾವ ದೊಡ್ಡವರೂ ತೋರಿಸಲಿಲ್ಲ. ಎಲ್ಲರೂ ವಯಸ್ಸು ಮಾತ್ರ ಹೇಳಿದರು. ನನ್ನ ಸಿಟ್ಟು ಅದಕ್ಕೇ. ಸಲಹೆ ಬದಲಾಗಲಿ, ಬದಲಾಗಲೇಬೇಕು. ಯಾಕೆ ಅನ್ನುವುದನ್ನು ಜನರಿಂದ ಮುಚ್ಚಿಟ್ಟರೆ, ಅವಸರದಲ್ಲಿ ನುಂಗಿಬಿಟ್ಟರೆ, ಜನ ತಮಗೆ ತೋಚಿದ ಕಾರಣ ತುಂಬಿಕೊಳ್ಳುತ್ತಾರೆ.

ಹಾಗೆ ತುಂಬಿಕೊಂಡಿದ್ದನ್ನು ಊರಿನಲ್ಲಿ ನೋಡಿದೆವಲ್ಲ. 2024ರ ಏಪ್ರಿಲ್ ಕೊನೆಯಲ್ಲಿ ಬ್ರಿಟನ್ನಿನ ಕೋರ್ಟ್ ಕಾಗದದಲ್ಲಿ ಕಂಪನಿ, ಬಹಳ ಅಪರೂಪಕ್ಕೆ ಹೀಗೆ ಹೆಪ್ಪುಗಟ್ಟಬಹುದು ಅಂತ ಒಪ್ಪಿಕೊಂಡ ಸುದ್ದಿ ಬಂತು. ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಆವತ್ತು ರಾತ್ರಿ ಯಾರೂ ಮಲಗಲಿಲ್ಲ. ಮೆಲ್ಬರ್ನಿನಲ್ಲಿ ನಮಗೆ ಅದನ್ನು ಮೂರು ವರ್ಷ ಮೊದಲೇ, ಸೂಜಿ ಹಾಕುವ ಮೊದಲೇ ಹೇಳಿದ್ದರು. ಊರಿನವರಿಗೆ ಸಾಲಿನಲ್ಲಿ ನಿಂತಾಗ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹಾಕಿಸಿಕೊಂಡು ಮೂರು ವರ್ಷ ಕಳೆದವರು ಆ ಕಾರಣಕ್ಕೆ ಹೆದರಬೇಕಾಗಿಲ್ಲ, ಆ ತೊಂದರೆ ಬರುವುದಿದ್ದರೆ ಮೊದಲ ಕೆಲವು ವಾರಗಳಲ್ಲೇ. ಆದರೆ ಆವತ್ತು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರಿದ್ದರು? ಮೋಸ ಆಯಿತು ಅನ್ನುವ ಭಾವನೆ ಒಮ್ಮೆ ಬಂದರೆ ಮುಂದೆ ಹೇಳಿದ ನಿಜವೂ ಸುಳ್ಳಿನ ಹಾಗೇ ಕಾಣುತ್ತದೆ.

ಆಮೇಲೆ ಬಂದದ್ದು 2025ರ ಮೇ, ಜೂನ್. ಹಾಸನ ಜಿಲ್ಲೆಯಲ್ಲಿ ಒಂದಾದ ಮೇಲೊಂದು ಹಾರ್ಟ್ ಅಟ್ಯಾಕ್ ಸಾವು, ಚಿಕ್ಕ ವಯಸ್ಸಿನವರೂ ಇದ್ದರು, ಟಿವಿಯಲ್ಲಿ ದಿನವೂ ಲೆಕ್ಕ. ನೀನು ಆಗ ಅಲ್ಲೇ ಇದ್ದೆ, ನನಗಿಂತ ಚೆನ್ನಾಗಿ ಗೊತ್ತು. ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಅಪ್ಪು ತೀರಿಕೊಂಡಾಗಲೂ ಹೀಗೇ ಜನ ಎದೆ ಹಿಡಿದುಕೊಂಡು ಓಡಿದ್ದರು. ಜುಲೈ 1ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟು ಹಂಚಿದ್ದೂ ಒಂದು ಕಾರಣ ಇರಬಹುದು ಅನ್ನುವ ಅರ್ಥದಲ್ಲಿ ಬರೆದರು. ಹಾಗೆ ಹೇಳುವುದು ತಪ್ಪು ಅಂತ ಬಯೋಕಾನ್‌ನ ಕಿರಣ್ ಮಜುಂದಾರ್ ಷಾ ಬರೆದರು. ಜುಲೈ 2ಕ್ಕೆ ಕೇಂದ್ರ ಆರೋಗ್ಯ ಇಲಾಖೆ, ನಮ್ಮ ಅಧ್ಯಯನದಲ್ಲಿ ಅಂಥ ಸಂಬಂಧ ಕಂಡಿಲ್ಲ ಅಂದಿತು. ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನವರು 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ ದಿಢೀರ್ ಸಾವುಗಳನ್ನು ನೋಡಿದ್ದರು. ಲಸಿಕೆ ಅಪಾಯ ಹೆಚ್ಚಿಸಿರಲಿಲ್ಲ. ರಾಜ್ಯ ಸರ್ಕಾರವೇ ಜಯದೇವ ಸಂಸ್ಥೆಯ ನಿರ್ದೇಶಕರ ಕೆಳಗೆ ಸಮಿತಿ ಮಾಡಿತ್ತು, ಅವರಿಗೂ ಲಸಿಕೆಯ ನಂಟು ಕಾಣಲಿಲ್ಲ. ಹಾಸನದ 24 ಸಾವುಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಕಂಡಿದ್ದು ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು, ಕುಡಿತ. ಕೆಲವು ಸಾವುಗಳಿಗಂತೂ ಹೃದಯಕ್ಕೂ ಸಂಬಂಧವೇ ಇರಲಿಲ್ಲ. ಆ 24 ಮಂದಿಯಲ್ಲಿ ಆಟೊ, ಕ್ಯಾಬ್ ಓಡಿಸುವವರು ಸಾಕಷ್ಟು ಮಂದಿ.

ಮೊದಲು ಮೇಲಿನವರು ಸಂಶಯ ಎತ್ತಿದರು, ಕೆಲವೇ ದಿನ ಬಿಟ್ಟು ಅವರದೇ ಸಮಿತಿ ಇಲ್ಲ ಅಂದಿತು. ಮೊದಲನೇದು ಎಲ್ಲರ ಮನೆ ಟಿವಿಯಲ್ಲಿ ಬಂತು, ಎರಡನೇದು ಯಾರ ಕಿವಿಗೂ ಬೀಳಲಿಲ್ಲ. ನಿಮ್ಮ ಅಮ್ಮ ಹೆದರಿದ್ದರಲ್ಲಿ ಅವರ ತಪ್ಪೇನೂ ಇಲ್ಲ. ಇನ್ನೂ ಒಂದು ವಿಷಯ ಅವರಿಗೆ ಹೇಳು. ಹೃದಯದ ಸ್ನಾಯು ಊದುತ್ತದೆ ಅಂತ ಅಮೆರಿಕದಿಂದ ಬರುವ ಫಾರ್ವರ್ಡುಗಳು ಹೆಚ್ಚಾಗಿ ಫೈಜರ್, ಮಾಡರ್ನಾ ಬಗ್ಗೆ. ಹಾಸನದಲ್ಲಿ ಹಾಕಿದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್. ಊರಿನವರು ಹಾಕಿಸಿಕೊಳ್ಳದೇ ಇದ್ದ ಲಸಿಕೆಯ ಬಗ್ಗೆ ಊರಿನವರು ಹೆದರುತ್ತಿದ್ದಾರೆ.

ಇನ್ನು ನಿನ್ನ ಮಗಳ ವಿಷಯ. ಇಲ್ಲಿ ಕೋವಿಡ್ ಲಸಿಕೆಯ ಮಾತೇ ಇಲ್ಲ, ಡಾಕ್ಟರ್ ಹೇಳಿದ್ದು ದಡಾರ, ಮಂಗನಬಾವು, ಸೀತಾಳೆ ಸಿಡುಬು ಇಂಥವುಗಳ ಬಗ್ಗೆ. ಇದನ್ನು ಅಮ್ಮನಿಗೆ ಮೊದಲ ಮಾತಿನಲ್ಲೇ ಹೇಳಿಬಿಡು, ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ. ವಿಕ್ಟೋರಿಯದಲ್ಲಿ 2016ರಿಂದ ಲಸಿಕೆಯ ದಾಖಲೆ ಇಲ್ಲದೆ ಚೈಲ್ಡ್‌ಕೇರ್‌ಗಾಗಲಿ ಕಿಂಡರ್‌ಗಾಗಲಿ ಸೇರಿಸಿಕೊಳ್ಳುವಂತಿಲ್ಲ. ಶುಲ್ಕದಲ್ಲಿ ಸರ್ಕಾರ ಕೊಡುವ ಪಾಲು ಸಿಗಬೇಕಾದರೂ ಲಸಿಕೆ ಆಗಿರಬೇಕು, ಇಲ್ಲವೇ ಬಾಕಿ ಇದ್ದದ್ದನ್ನು ಹಾಕಿಸುತ್ತಾ ಇರಬೇಕು. ನಿಮಗೆ ಪಿಆರ್, ಅಂದರೆ ಕಾಯಂ ವಾಸದ ವೀಸಾ ಇದೆ, ಸರ್ಕಾರದ ಆರೋಗ್ಯ ಸೇವೆ ಮೆಡಿಕೇರ್ ಇದೆ ಅಂದೆಯಲ್ಲ, ಮಕ್ಕಳ ಪಟ್ಟಿಯ ಲಸಿಕೆಗಳಿಗೆ ದುಡ್ಡಿಲ್ಲ.

'ಹಾಕಿಸಿದ್ದನ್ನೇ ಮತ್ತೆ ಯಾಕೆ' ಅಂತ ಕೇಳಿದ್ದೀಯ, ಅದು ನ್ಯಾಯವಾದ ಪ್ರಶ್ನೆ. ಊರಿನಲ್ಲಿ ಒಂಬತ್ತು ತಿಂಗಳಿಗೆ ದಡಾರ ರುಬೆಲ್ಲಾ ಸೂಜಿ ಹಾಕಿದರು. ಇಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹನ್ನೆರಡು ತಿಂಗಳ ಮೇಲೆ ಹಾಕಿದ್ದೇ ಬೇಕು. ಕೇಳಿದರೆ ನಮ್ಮ ಊರಿನ ಸಿಸ್ಟರ್ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ ಅಲ್ವಾ? ಅಲ್ಲ. ಹುಟ್ಟಿದ ಮಗುವಿನ ರಕ್ತದಲ್ಲಿ ತಾಯಿಯಿಂದ ಬಂದ ರಕ್ಷಣೆ ಕೆಲವು ತಿಂಗಳು ಇರುತ್ತದೆ. ಅದು ಇರುವಾಗ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ವರ್ಷ ತುಂಬಿದ ಮೇಲೆ ಹಾಕಿದರೆ ಚೆನ್ನಾಗಿ ಹಿಡಿಯುತ್ತದೆ. ಆದರೆ ದಡಾರ ಓಡಾಡುವ ಊರಿನಲ್ಲಿ ವರ್ಷದವರೆಗೆ ಕಾಯುವಷ್ಟರಲ್ಲಿ ಮಗುವಿಗೇ ಬಂದುಬಿಡಬಹುದು. ಅದಕ್ಕೆ ಅಲ್ಲಿ ಬೇಗ ಒಂದು, ಆಮೇಲೆ ಹದಿನಾರು ತಿಂಗಳ ಮೇಲೆ ಇನ್ನೊಂದು. ಇಲ್ಲಿ ದಡಾರ ತಾನಾಗಿ ಹರಡುವುದು ನಿಂತಿದೆ ಅಂತ 2014ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು, ಹಾಗಾಗಿ ಕಾಯಲು ಸಮಯವಿದೆ. ನಂಬುತ್ತೀಯೋ ಇಲ್ಲವೋ, ಇಲ್ಲೇ ಹುಟ್ಟಿದ ಆರೇಳು ತಿಂಗಳ ಮಗುವನ್ನು ಊರಿಗೆ ಕರೆದುಕೊಂಡು ಹೋಗುತ್ತೇವೆ ಅಂದರೆ ಇದೇ ಡಾಕ್ಟರುಗಳು ಬೇಗ ಒಂದು ಡೋಸ್ ಹಾಕಿ ಕಳಿಸುತ್ತಾರೆ. ವಾಪಸ್ ಬಂದ ಮೇಲೆ ಪಟ್ಟಿಯ ಪ್ರಕಾರ ಮತ್ತೆ ಹಾಕುತ್ತಾರೆ.

ಅಮ್ಮನಿಗೆ ಇದನ್ನು ಹೇಳುವುದು ಕಷ್ಟವಲ್ಲ. ನಿಮ್ಮದು ಅರಸೀಕೆರೆ ಕಡೆಯ ತೆಂಗಿನ ತೋಟ ಅಂದೆ. ಸಕಲೇಶಪುರದ ಕಾಫಿ ತೋಟದವರು ಮಳೆಗೆ ಮುಂಚೆ ಬೋರ್ಡೋ ಔಷಧಿ ಹೊಡೆಯುವ ಲೆಕ್ಕವನ್ನು ಅರಸೀಕೆರೆಯಲ್ಲಿ ಯಾರೂ ಹಿಡಿಯುವುದಿಲ್ಲ, ಅಲ್ಲಿಯ ಮಳೆಯೇ ಬೇರೆ. ಇಷ್ಟು ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ಉಳಿದ ಸೂಜಿಗಳು ಮತ್ತೆ ಹಾಕುವಂಥವೂ ಅಲ್ಲ, ಊರಿನ ಸರ್ಕಾರಿ ಪಟ್ಟಿಯಲ್ಲಿ ಇಲ್ಲದವು. ಮಂಗನಬಾವಿನದು ಅಲ್ಲಿ ಸೇರಿಲ್ಲ, ಸೀತಾಳೆ ಸಿಡುಬಿನದೂ ಇಲ್ಲ, ಮಿದುಳು ಜ್ವರದ ಒಂದು ಬಗೆಗೆ ಇಲ್ಲಿ ವರ್ಷ ತುಂಬಿದಾಗ ಹಾಕುವ ಸೂಜಿಯೂ ಅಲ್ಲಿಲ್ಲ. ಬದಲಿಗೆ ನಮ್ಮಲ್ಲಿ ಹುಟ್ಟಿದ ಕೂಡಲೇ ತೋಳಿಗೆ ಹಾಕುವ ಬಿಸಿಜಿ ಇಲ್ಲಿಯ ಮಕ್ಕಳಿಗೆ ಎಲ್ಲರಿಗೂ ಹಾಕುವುದಿಲ್ಲ. ಮಗಳ ತೋಳಿನ ಕಲೆ ನೋಡಿ ಇಲ್ಲಿಯ ಕಿರಿಯ ನರ್ಸುಗಳು ಇದೇನು ಅಂತ ಕೇಳಿದರೆ ಗಾಬರಿ ಆಗಬೇಡ.

ಇಲ್ಲಿಯ ಸರ್ಕಾರದ ಮೇಲಿನ ನನ್ನ ಇನ್ನೊಂದು ಸಿಟ್ಟನ್ನೂ ಹೇಳಿಬಿಡುತ್ತೇನೆ, ನಿನ್ನ ಗಂಡನ ಆಫೀಸಿನವರು ಇದನ್ನು ಹೇಳಿರಲಿಕ್ಕಿಲ್ಲ. 2021ರ ಏಪ್ರಿಲ್ 27ಕ್ಕೆ ಭಾರತದ ವಿಮಾನ ನಿಲ್ಲಿಸಿದರು. ಮೇ 3ರಿಂದ 15ರವರೆಗೆ, ಇಲ್ಲಿಯ ಪ್ರಜೆಗಳೇ ಆದರೂ ಭಾರತದಿಂದ ಹೇಗಾದರೂ ವಾಪಸ್ ಬಂದರೆ ಐದು ವರ್ಷದವರೆಗೆ ಜೈಲು, 66,600 ಡಾಲರ್‌ವರೆಗೆ ದಂಡ ಅಂದರು. ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ ಹೆಣಗಳು ಬಿದ್ದಾಗ ಹೀಗೆ ಅಂದಿರಲಿಲ್ಲ. ಯಾರನ್ನೂ ಜೈಲಿಗೆ ಹಾಕಲಿಲ್ಲ, ನಿಜ. ಆದರೆ ಆ ಎರಡು ವಾರ ಇಲ್ಲಿಯ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದವರಿಗೂ, ನಾವು ಇಲ್ಲಿಯವರಾ ಅನ್ನುವ ಪ್ರಶ್ನೆ ಬಂತು. ನಮ್ಮ ಪರಿಚಯದವರೊಬ್ಬರು ತಂದೆಯ ಕೆಲಸಕ್ಕೆಂದು ಬೇಲೂರಿಗೆ ಹೋದವರು ಅಲ್ಲೇ ಸಿಕ್ಕಿಬಿದ್ದರು, ಹೆಂಡತಿ ಮಕ್ಕಳು ಇಲ್ಲಿ. ಇಲ್ಲಿಯ ಡಾಕ್ಟರುಗಳು, ಮಾನವ ಹಕ್ಕಿನವರು, ಕ್ರಿಕೆಟ್ ಕಾಮೆಂಟರಿಯವರು ಕೂಡ ಇದು ಸರಿಯಲ್ಲ ಅಂತ ಗಟ್ಟಿಯಾಗಿ ಹೇಳಿದರು. 15ಕ್ಕೆ ಆ ಆದೇಶ ಮುಗಿಯಿತು, ಮತ್ತೆ ಬರಲಿಲ್ಲ.

ಇಲ್ಲಿಯ ಬದುಕಿನ ಬಗ್ಗೆ ಕೇಳಿದೆಯಲ್ಲ, ನನಗೆ ಹಿಡಿಸಿದ್ದು ಇದೊಂದು. ಬೈದರೆ ಯಾರೂ ದೇಶದ್ರೋಹಿ ಅನ್ನುವುದಿಲ್ಲ. 2021ರ ಜುಲೈ 22ಕ್ಕೆ ಆಗಿನ ಪ್ರಧಾನಿಯೇ, ಹೇಳಿದ ಗುರಿ ಮುಟ್ಟಲಾಗಲಿಲ್ಲ, ಸಾರಿ ಅಂದರು. ನವೆಂಬರ್ ಹೊತ್ತಿಗೆ 16 ದಾಟಿದವರಲ್ಲಿ ನೂರಕ್ಕೆ ಎಂಬತ್ತು ಜನಕ್ಕೆ ಎರಡೂ ಡೋಸ್ ಆಗಿತ್ತು. ಬೈಯುತ್ತಲೇ ಹಾಕಿಸಿಕೊಂಡರು. 2024ರ ಅಕ್ಟೋಬರ್‌ನಲ್ಲಿ ಸರ್ಕಾರವೇ ನೇಮಿಸಿದ ವಿಚಾರಣೆಯ ವರದಿ ಬಂತು. ಜನರ ನಂಬಿಕೆ ಕರಗಿದೆ, ಅಂಥ ಕಟ್ಟುನಿಟ್ಟನ್ನು ಜನ ಇನ್ನೊಮ್ಮೆ ಒಪ್ಪಲಿಕ್ಕಿಲ್ಲ, ಮಕ್ಕಳ ಬೇರೆ ಲಸಿಕೆಗಳೂ ಕಡಿಮೆಯಾಗುತ್ತಿವೆ ಅಂತ ಅದರಲ್ಲೇ ಬರೆದಿದ್ದಾರೆ. ಆದರೂ ಇಲ್ಲಿಯ ಮಕ್ಕಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಗೆ ಪಟ್ಟಿಯ ಲಸಿಕೆ ಆಗಿರುತ್ತದೆ. ನಿನ್ನ ಗಂಡನಿಗೆ ಹೇಳು, ಊಟದ ಹೊತ್ತಿಗೆ ಬೈಯುವವರನ್ನೇ ಒಂದು ಸಲ ಕೇಳಲಿ, ನಿಮ್ಮ ಮಕ್ಕಳಿಗೆ ದಡಾರದ ಸೂಜಿ ಹಾಕಿಸಿದ್ದೀರಾ ಅಂತ.

ನೀನು ಮಾಡಬೇಕಾದ್ದು ಇಷ್ಟು. ದಿನಕ್ಕೊಂದು ಕ್ಲಿನಿಕ್ ಸುತ್ತಬೇಡ, ಒಬ್ಬರೇ ಡಾಕ್ಟರನ್ನು ಹಿಡಿದುಕೋ. ಏನೇ ಹಾಕಿಸಿ ಅಂದರೂ ಯಾಕೆ ಅಂತ ಕೇಳು, ಹಾಕಿಸದಿದ್ದರೆ ಏನು, ಹಾಕಿಸಿದ ಮೇಲೆ ಏನಾದರೆ ಓಡಿ ಬರಬೇಕು ಅಂತಲೂ ಕೇಳು. ಇಲ್ಲಿ ಕೇಳಿದರೆ ಮುಖ ಗಂಟು ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡರೆ ಡಾಕ್ಟರನ್ನು ಬದಲಾಯಿಸು. ಊರಿನ ತಾಯಿ ಕಾರ್ಡಿನ ಲಸಿಕೆ ಪುಟಗಳನ್ನು ಫೋಟೊ ತೆಗೆದು ಕಳಿಸಲು ಇವತ್ತೇ ಮನೆಗೆ ಹೇಳು. ದಿನಾಂಕ, ಲಸಿಕೆಯ ಹೆಸರು ಸ್ಪಷ್ಟವಾಗಿ ಕಾಣಬೇಕು. ಖಾಸಗಿ ಆಸ್ಪತ್ರೆಯಲ್ಲಿ ಬೇರೆ ಯಾವುದಾದರೂ ಹಾಕಿಸಿದ್ದರೆ ಆ ಪುಸ್ತಕವನ್ನೂ ಸೇರಿಸು, ಇಲ್ಲದಿದ್ದರೆ ಹಾಕಿಸಿದ್ದನ್ನೇ ಮತ್ತೆ ಹಾಕಬೇಕಾದೀತು. ಕನ್ನಡದಲ್ಲಿ ಬರೆದಿದ್ದರೆ ಪಕ್ಕದಲ್ಲಿ ಇಂಗ್ಲಿಷಿನಲ್ಲೂ ಬೇಕಾಗುತ್ತದೆ. ಕ್ಲಿನಿಕ್ಕಿನ ನರ್ಸ್ ಅವುಗಳನ್ನು ಸರ್ಕಾರದ ಲಸಿಕೆ ದಾಖಲೆಗೆ ಏರಿಸುತ್ತಾರೆ. ಆಮೇಲೆ ಸರ್ಕಾರದ ಆನ್‌ಲೈನ್ ತಾಣ ಮೈಗವ್‌ನಲ್ಲಿ ಮೆಡಿಕೇರ್ ಒಳಗೆ ಹೋದರೆ ಚೈಲ್ಡ್‌ಕೇರ್ ಕೇಳಿದ ಕಾಗದ ಸಿಗುತ್ತದೆ. ಬುಕ್ ಮಾಡುವಾಗಲೇ ಹೊರದೇಶದ ಕಾರ್ಡ್ ಏರಿಸುವುದಿದೆ, ಉದ್ದದ ಅಪಾಯಿಂಟ್‌ಮೆಂಟ್ ಬೇಕು ಅಂತ ಹೇಳು. ಹತ್ತು ನಿಮಿಷದಲ್ಲಿ ಆಗುವ ಕೆಲಸ ಅಲ್ಲ ಅದು.